ಪೈಪಿನ ಬಾಯಿಗೆ ಹೆಬ್ಬೆರಳು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಕೂತರೆ ಒಲೆಯ ಮೇಲೆ ಏನೋ ಉಕ್ಕುತ್ತಿದೆ ಅನ್ನಿಸುತ್ತದೆ, ಒಲೆ ಆರಿಸಿ ಬಂದು ಕೂತರೆ ಬಾಗಿಲು ಹಾಕಿದೆನೋ ಇಲ್ಲವೋ ಅನ್ನಿಸುತ್ತದೆ. ಇಂಥವಳ ಮನೆಗೆ ಬೇಸಿಗೆಯಲ್ಲಿ ಒಂದು ಲ್ಯಾಬ್ರಡಾರ್ ನಾಯಿ ಬಂದು ಸೇರಿಕೊಂಡರೆ ಏನಾಗಬೇಕೋ ಅದೇ ಆಯಿತು. ಹೋಳಿಯಿಂದ ಮೇ ತಿಂಗಳು ಮುಗಿಯುವ ತನಕ ನಾನು ಒಂದು ದಿನವೂ ನೆಮ್ಮದಿಯಾಗಿ ಚಹಾ ಕುಡಿಯಲಿಲ್ಲ.

ನಾಯಿ ನಮ್ಮದಲ್ಲ. ಪುಣೆಯ ಬಿಬವೇವಾಡಿಯಲ್ಲಿರುವ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಮೈಸೂರು ಕಡೆಯ ಹುಡುಗಿಯದು. ಅವಳು ಹಿಂಜವಡಿಯಲ್ಲಿ ಯಾವುದೋ ಸಾಫ್ಟ್‌ವೇರ್ ಕಂಪನಿಗೆ ಹೋಗುತ್ತಾಳೆ. ಮನೆ ನೋಡಲು ಬಂದ ದಿನವೇ "ನಾಯಿ ಇದೆ ಆಂಟಿ, ತುಂಬಾ ಗುಡ್ ಬಾಯ್, ಏನೂ ತೊಂದ್ರೆ ಕೊಡಲ್ಲ" ಎಂದಿದ್ದಳು. ನಾನೂ ಮುಖದ ಮೇಲೆಯೇ ಹೇಳಿದ್ದೆ, "ನಿನ್ನ ನಾಯಿ ಮೆಟ್ಟಲಾ ಇಳದು ನಮ್ಮ ಮನಿಯೊಳಗ ಬರಬಾರದು ನೋಡವಾ, ಆಮ್ಯಾಲ ಹೇಳಲಿಲ್ಲ ಅನಬ್ಯಾಡ." ಆ ಮಾತು ಎಷ್ಟು ದಿನ ನಡೆಯಿತು ಅಂತ ನನ್ನನ್ನು ಕೇಳಬೇಡಿ.

ನಾಯಿಯನ್ನು ಕೆಳಗೆ ಕರೆತಂದವರು ನನ್ನ ಗಂಡ. ಬಾಗಲಕೋಟೆ ಕಡೆಯಿಂದ ಬಂದು ಪುಣೆಯ ಪೇಟೆಯಲ್ಲಿ ಜಮಖಾನ, ಚಾದರ ಮಾರಿ ಬದುಕು ಕಟ್ಟಿದ ಮನುಷ್ಯ. ಹೃದಯದ ಆಪರೇಷನ್ ಆದ ಮೇಲೆ ಅಂಗಡಿಯನ್ನು ತಮ್ಮನ ಕೈಗೆ ಬಿಟ್ಟು ಮನೆಗೆ ಬಂದರು. ಬಂದವರು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಡಾಕ್ಟರು ನಡೆಯಿರಿ ಅಂದರು, ನಡೆಯಲಿಲ್ಲ. ನಾನು ಬೈದೆ, ಕಣ್ಣೀರು ಹಾಕಿದೆ, ಊಟ ಬಿಟ್ಟೆ, ಯಾವುದಕ್ಕೂ ಜಗ್ಗಲಿಲ್ಲ. ಬೆಳಿಗ್ಗೆ ಓದಿದ ಪೇಪರನ್ನೇ ಸಂಜೆಯೂ ಓದುತ್ತಿದ್ದರು. ಮಾತು ಬೇಕೆಂದರೆ ಇಕ್ಕಳ ಹಾಕಿ ಎಳೆಯಬೇಕಿತ್ತು.

ಹುಡುಗಿ ಆಫೀಸಿಗೆ ಹೋದ ದಿನ ನಾಯಿ ಮೇಲೆ ಒಂದೇ ಸಮನೆ ಅಳುತ್ತಿತ್ತು. ಒಂದು ಮಧ್ಯಾಹ್ನ ಇವರು ಪೇಪರು ಮಡಿಚಿಟ್ಟು ಎದ್ದರು. ಹುಡುಗಿ ನಮ್ಮ ಹತ್ತಿರ ಇಟ್ಟಿದ್ದ ಬೀಗದ ಕೈ ತೆಗೆದುಕೊಂಡು ಮೇಲೆ ಹೋಗಿ ನಾಯಿಯನ್ನು ಕರೆದುಕೊಂಡೇ ಇಳಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿ ತೆರೆದೆ. "ಒಂದ ಮಾತು ಆಡಬ್ಯಾಡ ನೀ," ಎಂದರು. ಅಷ್ಟು ದಿನಗಳ ಮೇಲೆ ಗಂಡನ ಬಾಯಲ್ಲಿ ಜೋರು ಕೇಳಿ ನನಗೆ ಖುಷಿಯೇ ಆಯಿತು, ಅದಕ್ಕೇ ಸುಮ್ಮನಾದೆ. ನಾಯಿಗೆ ಅದರದೇ ಇಂಗ್ಲಿಷ್ ಹೆಸರಿತ್ತು. ನಮ್ಮ ನಾಲಿಗೆಗೆ ಅದು ಹೊರಳಲಿಲ್ಲ. ಇವರು "ಸಾಹೇಬ್ರು" ಎಂದು ಕರೆದರು, ಅದೇ ನಿಂತಿತು.

ಸಾಹೇಬರು ಬಂದ ಮೇಲೆ ಇವರು ನಡೆಯಲು ಶುರು ಮಾಡಿದರು. ದಾರಿಯಲ್ಲಿ ಸಿಕ್ಕವರ ಜೊತೆ ಮರಾಠಿ, ನಾಯಿಯ ಜೊತೆ ಕನ್ನಡ. ಮನೆಗೆ ಬಂದು ಯಾರು ಸಿಕ್ಕರು, ಏನಂದರು ಅಂತ ನನಗೆ ವರದಿ ಒಪ್ಪಿಸುವರು. ಮುಖಕ್ಕೆ ಬಣ್ಣ ಬಂತು. ನಾನು ಗುಟ್ಟಾಗಿ ದೇವರಿಗೆ ದೀಪ ಹಚ್ಚಿದೆ, ಜೊತೆಗೆ ಹೊಸ ಭಯವೊಂದನ್ನೂ ಹಚ್ಚಿಕೊಂಡೆ. ಈ ನಾಯಿಗೆ ಏನಾದರೂ ಆದರೆ ಈ ಮನುಷ್ಯ ಮತ್ತೆ ಆ ಕುರ್ಚಿಗೆ ಹೋಗಿ ಕೂರುತ್ತಾನೆ, ಈ ಸಲ ಏಳುವುದಿಲ್ಲ. ಇದನ್ನು ಯಾರ ಮುಂದೆಯೂ ಹೇಳಲಿಲ್ಲ. ಹೇಳಿದ್ದರೆ ಒಂದು ನಾಯಿಗೆ ಇಷ್ಟೇಕೆ ಚಿಂತೆ ಅಂತ ನಗುತ್ತಿದ್ದರು.

ಪುಣೆಯ ಬೇಸಿಗೆ ನಮ್ಮ ಬಾಗಲಕೋಟೆಯಷ್ಟಿಲ್ಲ ಅಂತ ಹೇಳುವವರು ಒಂದು ಸಲ ಮೇ ತಿಂಗಳ ಮಧ್ಯಾಹ್ನ ನಮ್ಮ ತಾರಸಿಯ ಮೇಲೆ ಬರಿಗಾಲಲ್ಲಿ ನಿಂತು ಆ ಮಾತು ಹೇಳಲಿ. ನಾನಂತೂ ನಾಯಿ ಹೊರಗೆ ಹೋಗುವ ಮುಂಚೆ ಗೇಟಿನ ಹೊರಗೆ ಬಗ್ಗಿ ಡಾಂಬರಿಗೆ ಕೈಯ ಹಿಂಭಾಗ ಒತ್ತಿ ನೋಡುತ್ತಿದ್ದೆ. ಕೈ ತಾಳದಿದ್ದರೆ ನಾಯಿಯ ಪಾದ ಹೇಗೆ ತಾಳುತ್ತದೆ? ಎದುರು ಮನೆಯಾಕೆ ಇದನ್ನು ನೋಡಿ, ರಸ್ತೆಗೆ ಜ್ವರ ಬಂದಿದೆಯಾ ಅತ್ತಿಗೆ ಎಂದು ಕೇಳಿದಳು. ಕೇಳಲಿ. ಬಿಸಿಲೇರಿದ ಮೇಲೆ ವಾಕಿಂಗ್ ಬಂದ್ ಮಾಡಿಸಿದೆ. ನಾಯಿ ಮಲಗುವ ಜಾಗಕ್ಕೆ ಒದ್ದೆ ಗೋಣಿ ಹಾಸಿದೆ. ಫ್ಯಾನಿನ ಮುಖ ನಮ್ಮಿಂದ ತಿರುಗಿ ನಾಯಿಯ ಕಡೆಗೆ ಹೋಯಿತು. ಆಗಾಗ ಅದರ ಕಿವಿ ಮುಟ್ಟಿ ಬಿಸಿಯಾಗಿದೆಯಾ ಅಂತ ನೋಡುತ್ತಿದ್ದೆ. ನಾಯಿಗೂ ಬೇಸರ ಬಂದು ನನ್ನನ್ನು ಕಂಡರೆ ಎದ್ದು ಬೇರೆ ಕೋಣೆಗೆ ಹೋಗುತ್ತಿತ್ತು. ಬಿಸಿಲು, ಬಿಸಿಲು, ಬಿಸಿಲು. ನನ್ನ ತಲೆಯಲ್ಲಿ ಶತ್ರು ಅದೊಂದೇ.

ನೀರಿನ ಬಗ್ಗೆ ನಮಗೆ ಯಾವ ಅನುಮಾನವೂ ಇರಲಿಲ್ಲ. ನಮ್ಮ ಮನೆಯಲ್ಲಿ ಬಿಸಿಲಿನಿಂದ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಒಂದು ತುಣುಕು ಬೆಲ್ಲ. ಯಾಕೆ ಬಂದಿರಿ ಅಂತ ಕೇಳುವುದು ಆಮೇಲೆ. ಸಿಲಿಂಡರ್ ಹೊತ್ತು ತಂದವನಿಗೂ ಅದೇ, ಮೀಟರ್ ನೋಡಲು ಬಂದವನಿಗೂ ಅದೇ. ಇವರಂತೂ ಎದುರಿಗೆ ನಿಂತು ಪೂರ್ತಿ ಕುಡಿಯುವ ತನಕ ಬಿಡುವವರಲ್ಲ, "ಇನ್ನೊಂದೀಟು ಕುಡೀರಿ, ಬಿಸಲು ಭಾಳ ಅದ" ಎಂದು ಮತ್ತೆ ಬಗ್ಗಿಸುವರು. ಸಾಹೇಬರಿಗೂ ಇದೇ ಉಪಚಾರ. ಬಟ್ಟಲು ಖಾಲಿಯಾಗಲು ಬಿಡುತ್ತಿರಲಿಲ್ಲ. ಲ್ಯಾಬ್ರಡಾರ್ ಜಾತಿಯ ನಾಯಿ, ಮುಂದೆ ಇಟ್ಟದ್ದನ್ನು ಬೇಡ ಅನ್ನುವುದನ್ನು ಕಲಿತೇ ಇಲ್ಲ, ಕುಡಿದು ಬಾಲ ಆಡಿಸುತ್ತಿತ್ತು. ಬೇಸಿಗೆಯಲ್ಲಿ ನೀರು ಹೆಚ್ಚಾಗಿ ಯಾರಿಗೋ ಕೆಟ್ಟದ್ದಾಯಿತು ಎಂಬ ಮಾತನ್ನು ನಮ್ಮ ಕಡೆಯವರು ಹುಟ್ಟಿದ ಮೇಲೆ ಕೇಳಿಲ್ಲ.

ಏಪ್ರಿಲಿನಲ್ಲಿ ಇವರು ಒಂದು ಆಟ ಹುಡುಕಿಕೊಂಡರು. ತಾರಸಿಯ ನೆರಳಿರುವ ಮೂಲೆಯಲ್ಲಿ ನಿಂತು ನಲ್ಲಿಗೆ ಪೈಪು ಹಾಕುವುದು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರನ್ನು ದೂರಕ್ಕೆ ಚಿಮ್ಮಿಸುವುದು. ಸಾಹೇಬರು ಹಾರಿ ಹಾರಿ ಆ ನೀರಿನ ಧಾರೆಯನ್ನು ಕಚ್ಚುವರು. ಎಡಕ್ಕೆ ಚಿಮ್ಮಿಸಿದರೆ ಎಡಕ್ಕೆ, ಬಲಕ್ಕೆ ಚಿಮ್ಮಿಸಿದರೆ ಬಲಕ್ಕೆ. ಇವರ ನಗು ಕೆಳಗಿನ ಅಡುಗೆಮನೆಗೆ ಕೇಳಿಸುತ್ತಿತ್ತು. ನಾನು ಮೇಲೆ ಹೋಗಿ ಮೊದಲು ಬರಿಗಾಲಿಟ್ಟು ನೆಲ ತಂಪಾಗಿದೆಯಾ ನೋಡುವೆ, ನೆರಳು ಎಲ್ಲಿಯವರೆಗಿದೆ ನೋಡುವೆ, ಆಮೇಲೆ ಬೈಯುವೆ. ಬೈದದ್ದು ನೀರಿನ ಟಾಕಿ ಖಾಲಿಯಾಗುತ್ತದೆ ಅಂತ. ಕಾರ್ಪೊರೇಷನ್ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಬಂದರೆ ಬಂತು, ಇಲ್ಲದಿದ್ದರೆ ಟ್ಯಾಂಕರಿಗೆ ಫೋನು ಮಾಡಬೇಕು. "ನಾಯಿ ಆಟಕ್ಕ ಊರ ನೀರೆಲ್ಲ ಹೋತು" ಎನ್ನುತ್ತಿದ್ದೆ. ನಾಯಿಯ ಹೊಟ್ಟೆಗೆ ಹೋಗುತ್ತಿದ್ದ ನೀರನ್ನು ನಾನೂ ನೋಡಲಿಲ್ಲ.

ಅದಾದದ್ದು ಮೇ ತಿಂಗಳಲ್ಲಿ. ಹಿಂದಿನ ದಿನ ನೀರು ಬಂದಿರಲಿಲ್ಲ, ಅವತ್ತು ಒತ್ತಡದಿಂದ ಬಂತು. ಹುಡುಗಿ ಆಫೀಸಿಗೆ ಹೋಗಿದ್ದಳು. ಇವರು ತಿಂಡಿ ತಿಂದವರೇ ಸಾಹೇಬರನ್ನು ಕರೆದುಕೊಂಡು ಮೇಲೆ ಹೋದರು. ಎರಡು ದಿನದ ಆಟವನ್ನು ಒಂದೇ ದಿನ ಆಡಿದರು. ನಡುವೆ ಹುಡುಗಿ ವಿಡಿಯೊ ಕಾಲ್ ಮಾಡಿದಳು. ನಾನು ಬಟ್ಟೆ ಒಣಹಾಕಲು ಮೇಲೆ ಹೋಗಿದ್ದೆ, ಫೋನನ್ನು ನನ್ನ ಕೈಗೆ ಕೊಟ್ಟು ಹಿಡಿ ಎಂದರು. ಅವಳು ಅಲ್ಲಿ ನಗುತ್ತ "ಇನ್ನೊಂದ್ಸಲ ಅಂಕಲ್, ಪ್ಲೀಸ್, ಇನ್ನೊಂದೇ ಸಲ" ಎನ್ನುತ್ತಿದ್ದಳು. ನನಗೇನೋ ಕಸಿವಿಸಿ. ಸಾಕು ಇಳಿಯಿರಿ ಅಂದೆ. ನನ್ನ ಕಸಿವಿಸಿಗೆ ಮನೆಯಲ್ಲಿ ಬೆಲೆಯಿಲ್ಲ, ದಿನಾ ಇರುವ ಸರಕಿಗೆ ಯಾರು ಬೆಲೆ ಕೊಡುತ್ತಾರೆ?

ಊಟದ ಹೊತ್ತಿಗೆ ಇಳಿದು ಬಂದರು. ನಾಯಿ ಮೆಟ್ಟಿಲ ಮೇಲೆ ಒಮ್ಮೆ ತಪ್ಪಿ ಹೆಜ್ಜೆ ಇಟ್ಟಿತು, ಗೋಡೆಗೆ ಒರಗಿತು. "ಸಾಹೇಬ್ರು ಬಾರಿಗೆ ಹೋಗಿ ಬಂದಾರ," ಎಂದು ಇವರು ನಕ್ಕರು. ಒಳಗೆ ಬಂದು ಅದು ಜೊಲ್ಲು ಸುರಿಸುತ್ತ ನಿಂತಿತು. ಆಮೇಲೆ ವಾಂತಿ ಮಾಡಿತು. ಬರೀ ನೀರು, ತಿಳಿ ನೀರು. ಮತ್ತೆ ಮಾಡಿತು. ಕಾಲು ಮಡಚಿ ನೆಲಕ್ಕೆ ಬಿತ್ತು, ಕಣ್ಣು ತೆರೆದೇ ಇತ್ತು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ.

"ಬಿಸಲು ಬಡದದ ಇದಕ್ಕ," ಎಂದರು ಇವರು. "ನೀರು ತಾ, ಲಗೂನ ತಾ."

ನಾನು ತಂದೆ. ಇವರು ಅದರ ದವಡೆ ಎತ್ತಿ ಹಿಡಿದು ತಂಬಿಗೆಯಿಂದ ಸ್ವಲ್ಪ ಸ್ವಲ್ಪ ಬಗ್ಗಿಸತೊಡಗಿದರು. ನಾನು ಒದ್ದೆ ಪಂಚೆ ಹೊದಿಸಲು ಹೋಗಿ ಅಭ್ಯಾಸದಂತೆ ಕಿವಿ ಮುಟ್ಟಿದೆ. ಕಿವಿ ತಣ್ಣಗಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟೆ, ಬಿಗಿದುಕೊಂಡು ಮಡಿಕೆಯ ಹಾಗಾಗಿತ್ತು. ಬಿಸಿಲು ಬಡಿದ ಜೀವ ಸುಡಬೇಕಲ್ಲ?

"ರೀ, ಇದು ತಣ್ಣಗದ. ಬಿಸಲು ಬಡದ್ರ ಹಿಂಗಿರೂದಿಲ್ಲ," ಎಂದೆ.

"ನೀ ಏನ ಡಾಕ್ಟರ? ಆಟೋ ನೋಡು ಹೋಗು."

ಮೊದಲ ಆಟೋದವನು ನಾಯಿಯನ್ನು ನೋಡಿ ನಿಲ್ಲಿಸಲೇ ಇಲ್ಲ. ಎರಡನೆಯವನನ್ನು ನಾನು ಕೇಳಲಿಲ್ಲ, ಹತ್ತಿ ಕೂತುಬಿಟ್ಟೆ. ಇಳಿಸು ನೋಡೋಣ ಎನ್ನುವ ಹಾಗೆ ಅವನ ಮುಖ ನೋಡಿದೆ. ಅವನು ಹಣೆ ಒರೆಸಿಕೊಂಡು, ತಾನೇ ಇಳಿದು ಬಂದು ನಾಯಿಯ ಹಿಂಗಾಲು ಹಿಡಿದು ಎತ್ತಿದ. ಮಾರ್ಕೆಟ್ ಯಾರ್ಡಿನ ಹತ್ತಿರ ಮಾವಿನ ಹಣ್ಣಿನ ಲಾರಿಗಳು ರಸ್ತೆ ತುಂಬ ನಿಂತಿದ್ದವು. ಮುಂದೆ ಹೋಗಲೂ ಇಲ್ಲ, ಹಿಂದೆ ಬರಲೂ ಇಲ್ಲ. ಆ ಬೇಗೆಯಲ್ಲಿ ಹಣ್ಣಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನಾಯಿಯ ತಲೆ ನನ್ನ ತೊಡೆಯ ಮೇಲೆ. ಇವರು ಬಾಟಲಿಯ ಮುಚ್ಚಳದಲ್ಲಿ ನೀರು ಹಿಡಿದು ಅದರ ತುಟಿಯ ಸಂದಿಗೆ ಬಿಡುತ್ತಿದ್ದರು.

"ಸಾಕ್ರಿ," ಎಂದು ಮಣಿಕಟ್ಟು ಹಿಡಿದೆ.

"ನೀರಿಲ್ಲದ ಸಾಯಬೇಕೇನ ಅದು?" ಎಂದು ಕೂಗಿದರು. ಕೈ ಕಿತ್ತುಕೊಂಡರು. ಎದೆ ಏರಿಳಿಯುವುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ನಾಯಿಯನ್ನು ನೋಡಲೋ, ಇವರ ಎದೆಯನ್ನು ನೋಡಲೋ ತಿಳಿಯದೆ ನಾನು ಒಮ್ಮೆ ಅದನ್ನು, ಒಮ್ಮೆ ಇವರನ್ನು ನೋಡುತ್ತ ಕೂತೆ. ಅಷ್ಟರಲ್ಲಿ ನಾಯಿಯ ಕಾಲುಗಳು ಸೆಳೆಯತೊಡಗಿದವು. ಆಟೋದವನು ಫುಟ್‌ಪಾತಿನ ಮೇಲೆ ಒಂದು ಗಾಲಿ ಹತ್ತಿಸಿಕೊಂಡು ಹೇಗೋ ದಾಟಿಸಿದ.

ಕ್ಲಿನಿಕ್ಕಿನ ಡಾಕ್ಟರು ಚಿಕ್ಕ ವಯಸ್ಸಿನ ಮರಾಠಿ ಹೆಣ್ಣುಮಗಳು. ನಾಯಿಯನ್ನು ಮೇಜಿನ ಮೇಲೆ ಮಲಗಿಸಿ ಜ್ವರ ನೋಡಿದಳು, ಒಸಡು ಎತ್ತಿ ನೋಡಿದಳು, ಕಣ್ಣಿಗೆ ಬೆಳಕು ಬಿಟ್ಟಳು. ಇವರು ಆಟೋದವನಿಗೆ ದುಡ್ಡು ಕೊಟ್ಟು, ಖಾಲಿ ಬಾಟಲಿ ತುಂಬಿಸಲು ಹೊರಗಿನ ನೀರಿನ ಫಿಲ್ಟರಿನ ಹತ್ತಿರ ನಿಂತಿದ್ದರು. ಕಾರಿನಲ್ಲಿ ಕೂಡಿಹಾಕಿದ್ದಿರಾ, ಬಿಸಿಲಲ್ಲಿ ಓಡಿಸಿದಿರಾ ಎಂದು ಡಾಕ್ಟರು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಬೆಳಿಗ್ಗೆಯಿಂದ ಏನು ಮಾಡಿತು? ನಾನು ಹೆಬ್ಬೆರಳು ಮಡಚಿ ಪೈಪಿನ ಆಟ ತೋರಿಸಿದೆ. ಅವಳ ಕೈ ನಿಂತಿತು.

"ಖೇಳತಾನಾ ಪಾಣೀ ಪೀತ ಹೋತಾ?" ಆಡುವಾಗ ನೀರು ಕುಡಿಯುತ್ತಿತ್ತಾ?

"ಖೂಪ," ಎಂದೆ. ಬಹಳ.

ಅವಳು ರಕ್ತ ತೆಗೆಯುತ್ತಲೇ ಹೇಳಿದಳು. ಧಾರೆ ಕಚ್ಚಿದಾಗಲೆಲ್ಲ ಒಂದೊಂದು ಗುಟುಕು ಒಳಗೆ ಹೋಗುತ್ತದೆ, ತಡೆಯಲು ಅದಕ್ಕೆ ಬರುವುದಿಲ್ಲ. ಅಷ್ಟು ನೀರು ಸೇರಿದರೆ ರಕ್ತದ ಉಪ್ಪು ತೆಳುವಾಗುತ್ತದೆ, ಮಿದುಳು ಊದಿಕೊಳ್ಳುತ್ತದೆ. ಇದು ಬಿಸಿಲಿನ ಹೊಡೆತವಲ್ಲ, ನೀರಿನ ಹೊಡೆತ. ಉಳಿಯುತ್ತದಾ ಎಂದು ಕೇಳಿದೆ. ಈಗಲೇ ಹೇಳಲಾರೆ ಎಂದಳು. "ಆತಾ ಪಾಣೀ ಅಜಿಬಾತ ದೇಊ ನಕಾ." ಇನ್ನು ನೀರು ಖಂಡಿತ ಕೊಡಬೇಡಿ. ರಕ್ತದ ಸೀಸೆ ಹಿಡಿದು ಒಳಕೋಣೆಗೆ ಹೋದಳು.

ನಾನು ಮೇಜಿನ ಅಂಚು ಹಿಡಿದು ನಿಂತೆ. ತಲೆಯಲ್ಲಿ ಮಾತುಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಇದನ್ನು ಇವರಿಗೆ ಹೇಳುವುದು ಹೇಗೆ? ನಿಮ್ಮ ಕೈಯಿಂದಲೇ ಆಯಿತು ಅಂತಲಾ? ಆಪರೇಷನ್ ಆದ ಎದೆ. ಬಿಸಿಲು ಅಂತಲೇ ಅಂದುಕೊಂಡಿರಲಿ, ಡಾಕ್ಟರಿಗೂ ಹೇಳಿ ಬಾಯಿ ಮುಚ್ಚಿಸಿದರಾಯಿತು ಅನ್ನಿಸಿತು. ಆ ಕ್ಷಣಕ್ಕೆ ಅದೇ ಸರಿ ಅಂತಲೂ ತೋರಿತು.

ಇವರು ತುಂಬಿದ ಬಾಟಲಿಯ ಜೊತೆ ಒಳಗೆ ಬಂದರು. ನಾಯಿ ಆಗ ನಾಲಿಗೆ ಹೊರಹಾಕಿ ತುಟಿ ನೆಕ್ಕಿಕೊಂಡಿತು. "ನೋಡ, ನೀರು ಕೇಳಾಕತ್ತದ," ಎಂದು ಮುಖ ಅರಳಿಸಿ ಬಾಟಲಿ ಬಗ್ಗಿಸಲು ಹೋದರು. ನಾನು ಕೈಯೆತ್ತಿ ಬಾಟಲಿಗೆ ಹೊಡೆದೆ. ಅದು ನೆಲಕ್ಕೆ ಬಿದ್ದು ಉರುಳಿತು, ನೀರು ಬೆಂಚಿನ ಕೆಳಗೆ ಹರಿಯಿತು. ಮದುವೆಯಾದಾಗಿನಿಂದ ನಾಲಿಗೆ ಎಷ್ಟು ಹರಿತ ಮಾಡಿದರೂ ಇವರ ಮೇಲೆ ನಾನು ಕೈ ಬೀಸಿದವಳಲ್ಲ.

"ಯಾಕ?" ಎಂದರು. ಸಿಟ್ಟಿನಿಂದ ಅಲ್ಲ, ನಿಜವಾಗಿ ತಿಳಿಯದೆ.

"ನೀರ ಇದನ್ನ ಕೊಲ್ಲಾಕತ್ತದ್ರಿ. ಬಿಸಲಲ್ಲ. ನೀರು."

"ಕುಡಿಸಿದ್ದ?"

"ಕುಡಿಸಿದ್ದೂ. ಪೈಪಿನಾಗಿಂದೂ."

ಅವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. "ಅಂದ್ರ ನಾನ ಮಾಡಿದ್ನಾ?" ಎಂದರು.

ಏನಾದರೂ ಮೆತ್ತಗಿನ ಮಾತು ಹೇಳಬೇಕಿತ್ತು. ನನಗೆ ಬರಲಿಲ್ಲ. "ಎಲ್ಲಾರೂ ಕೂಡಿ ಮಾಡೀವಿ. ಕೂಡ್ರಿ ಅಲ್ಲೆ," ಎಂದೆ. ಅವರು ಬೆಂಚಿನ ಮೇಲೆ ಕೂತರು. ನಾನು ಒಂದು ಕಣ್ಣು ಅವರ ಎದೆಯ ಮೇಲಿಟ್ಟು ಹುಡುಗಿಗೆ ಫೋನು ಹಚ್ಚಿದೆ.

ಹಿಂಜವಡಿಯಿಂದ ಅವಳು ಬಂದು ಮುಟ್ಟುವ ತನಕ ನಾನು ಆ ಕ್ಲಿನಿಕ್ಕಿನಲ್ಲಿ ಬಾಗಿಲಿನಿಂದ ಮೇಜಿಗೆ, ಮೇಜಿನಿಂದ ಬಾಗಿಲಿಗೆ ನಡೆದೆ. ನಾಯಿಗೆ ರಕ್ತದ ಉಪ್ಪು ಏರಿಸುವ ಸಲೈನ್ ಹಚ್ಚಿದ್ದರು. ನಡುವೆ ಒಮ್ಮೆ ಜೋರಾಗಿ ಸೆಳೆತ ಬಂತು. ಡಾಕ್ಟರು ಸೂಜಿ ಚುಚ್ಚುವಾಗ ಇವರು ಕಣ್ಣು ಮುಚ್ಚಿಕೊಂಡು ಏನೋ ಪಠಿಸುತ್ತಿದ್ದರು. ಅವರ ಜೇಬಿನಲ್ಲಿ ಎದೆಯ ಗುಳಿಗೆ ಇದೆಯೋ ಇಲ್ಲವೋ ಅಂತ ನಾನು ಎರಡು ಸಲ ಮುಟ್ಟಿ ನೋಡಿದೆ. ನಾಯಿ ಸತ್ತರೆ ಇವರನ್ನು ಮನೆಗೆ ಹೇಗೆ ಕರೆದುಕೊಂಡು ಹೋಗಲಿ ಎಂಬುದೇ ನನ್ನ ತಲೆಯಲ್ಲಿತ್ತು. ಸುಳ್ಳು ಯಾಕೆ ಹೇಳಲಿ, ಆಗ ನನಗೆ ನಾಯಿಗಿಂತ ಗಂಡನದೇ ಚಿಂತೆ.

ಹುಡುಗಿ ಹೆಲ್ಮೆಟ್ ತೆಗೆಯದೆ ಒಳಗೆ ಬಂದಳು. "ಉಸಿರಾಡ್ತಿದಾನಾ ಆಂಟಿ? ಬಿಸಿಲಾ? ಹೀಟ್ ಸ್ಟ್ರೋಕಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಇವರು ಎದ್ದು ನಿಂತರು.

"ಬಿಸಲಲ್ಲವಾ. ನೀರು ಜಾಸ್ತಿ ಆಗೇದ. ನಾ ಕುಡಿಸೀನಿ," ಎಂದರು. ಶಾಲೆಯ ಮಾಸ್ತರರ ಮುಂದೆ ನಿಂತವರ ಹಾಗೆ ಕೈ ಕಟ್ಟಿಕೊಂಡಿದ್ದರು.

ಅವಳು ಅವರನ್ನು ದಾಟಿ ಮುಂದೆ ನಡೆದಳು. ನಾಯಿಯ ಹತ್ತಿರ ಹೋಗಿ ಅದರ ಕುತ್ತಿಗೆಗೆ ಮುಖವಿಟ್ಟು ನಿಂತಳು. ಇವರು ನಿಂತೇ ಇದ್ದರು. ನನಗೆ ಆ ಹುಡುಗಿಯ ಮೇಲೆ ಕೆಂಡದಂಥ ಸಿಟ್ಟು ಬಂತು, ಒಂದು ಮಾತು ಆಡಬಾರದಾ ಅಂತ. ಬಹಳ ಹೊತ್ತಿನ ಮೇಲೆ ಅವಳು ತಿರುಗಿ, "ನಂಗೂ ಗೊತ್ತಿರ್ಲಿಲ್ಲ ಅಂಕಲ್. ನಾನೇ ಅಲ್ವಾ ಇನ್ನೊಂದ್ಸಲ ಇನ್ನೊಂದ್ಸಲ ಅಂದಿದ್ದು," ಎಂದು ಅತ್ತಳು. ನನ್ನ ಸಿಟ್ಟು ಇಳಿಯಿತು, ಅವಳ ಹೆಲ್ಮೆಟ್ ನಾನೇ ಬಿಚ್ಚಿದೆ.

ನಾಯಿ ಉಳಿಯಿತು. ಮಾರನೆಯ ಸಂಜೆ ಕಳಿಸಿಕೊಡುವಾಗ ಡಾಕ್ಟರು ಹೇಳಿದ್ದನ್ನೆಲ್ಲ ನಾನು ಬಾಯಿಪಾಠ ಮಾಡಿಕೊಂಡೆ. ಪೈಪಿನ ಧಾರೆ ಬೇಡ. ಆಡಲೇಬೇಕೆಂದರೆ ಅಗಲವಾದ ಟಬ್ಬಿನಲ್ಲಿ ಅದರ ಮೊಣಕಾಲು ಮುಳುಗದಷ್ಟು ನೀರು, ಸ್ವಲ್ಪ ಹೊತ್ತು ಆಟ, ಆಮೇಲೆ ನೆರಳಿನಲ್ಲಿ ವಿಶ್ರಾಂತಿ, ಮೂತ್ರಕ್ಕೆ ಬಿಡುವುದು. ದೊಡ್ಡ ಚೆಂಡು ಬಾಯಲ್ಲಿ ಕಚ್ಚಿಕೊಂಡರೆ ಬಾಯಿ ತೆರೆದೇ ಇದ್ದು ನೀರು ಒಳಗೆ ಹೋಗುತ್ತದೆ, ಚಪ್ಪಟೆ ಆಟಿಕೆ ಕೊಡಿ. ಓಡಾಡಿ ಬಂದಾಗ ನೀರು ಬೇಕೇ ಬೇಕು, ಒಮ್ಮೆಗೇ ಬಟ್ಟಲುಗಟ್ಟಲೆ ಅಲ್ಲ, ಸ್ವಲ್ಪ ಸ್ವಲ್ಪ. ಹೊಟ್ಟೆ ಉಬ್ಬಿದರೆ, ತೂರಾಡಿದರೆ, ನೀರು ಕಾರಿದರೆ ಓಡಿ ಬನ್ನಿ. ಇವರು ಅದನ್ನೆಲ್ಲ ಗೋಡೆ ನೋಡುತ್ತ ಕೇಳಿಸಿಕೊಂಡರು.

ಮನೆಗೆ ಬಂದ ಮೇಲೆ ನಾನು ಹೆದರಿದ್ದೇ ಆಯಿತು. ಇವರು ನಾಯಿಯ ಹತ್ತಿರ ಹೋಗುವುದನ್ನು ಬಿಟ್ಟರು. ಹುಡುಗಿ ರಜೆ ಮುಗಿಸಿ ಮೊದಲಿನಂತೆ ನಾಯಿಯನ್ನು ಕೆಳಗೆ ಬಿಟ್ಟು "ಬರ್ತೀನಿ ಅಂಕಲ್" ಎಂದು ಹೋದಳು. ಇವರು ಪೇಪರಿನಿಂದ ತಲೆಯೆತ್ತಲಿಲ್ಲ. ನಾಯಿ ಬಂದು ಇವರ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಇವರು ಪಾದ ಸರಿಸಲಿಲ್ಲ, ಕೈಯನ್ನೂ ಇಡಲಿಲ್ಲ. ಅದಕ್ಕೆ ನೀರಿಡುವ ಕೆಲಸ ನನಗೆ ಬಂತು. ಒಂದು ದಿನ ನೋಡಿದೆ, ಎರಡು ದಿನ ನೋಡಿದೆ. ನನ್ನ ತಾಳ್ಮೆ ಅಷ್ಟೇ.

"ಎಷ್ಟು ದಿವಸ ಹಿಂಗ ಕೂಡೋರು?" ಎಂದು ಪೇಪರು ಕಿತ್ತುಕೊಂಡೆ. "ಅದು ಸತ್ತಿಲ್ಲ. ಅದಕ್ಕ ನಿಮ್ಮ ಮ್ಯಾಲ ಸಿಟ್ಟಿಲ್ಲ. ಆ ಹುಡಿಗಿಗೂ ಇಲ್ಲ. ನೀವ ಮಾರಿ ತಿರುವಿ ಕೂತ್ರ ಅದೇನ ತಿಳ್ಕೋಬೇಕು?"

ಅವರು ಪೇಪರು ವಾಪಸ್ಸು ಕೇಳಲಿಲ್ಲ. ನಾಯಿಯ ಬೆನ್ನು ನೋಡುತ್ತಿದ್ದರು.

"ಅವತ್ತು ನನಗ್ಯಾಕ ಹೇಳಿದಿ?" ಎಂದರು. "ಬಿಸಲು ಬಡದದ ಅಂತ ನೀನೂ ಅಂದಿದ್ರ ನಡೀತಿತ್ತು. ಡಾಕ್ಟರ್ ನಿನಗಷ್ಟ ಹೇಳಿದ್ಲು. ನನ್ನ ಎದಿ ನಿನಗ ಗೊತ್ತದ. ಹೇಳಬಾರದಿತ್ತು."

ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ನಾನು ಹೋಗಲಿಲ್ಲ.

"ಬಿಸಲು ಅಂದಿದ್ರ," ಎಂದೆ, "ಮನಿಗೆ ಬಂದ ಮ್ಯಾಲ ನೀವು ಏನ ಮಾಡ್ತಿದ್ರಿ?"

ಅವರು ಬಗ್ಗಿ ನಾಯಿಯ ತಲೆಯ ಮೇಲೆ ಕೈಯಿಟ್ಟರು. ಅದು ಕಣ್ಣು ತೆರೆಯದೆ ಬಾಲವನ್ನು ನೆಲಕ್ಕೆ ಬಡಿಯಿತು.

"ನೀರು ಕುಡಸ್ತಿದ್ನಿ," ಎಂದರು. "ಮೊದಲಿಗಿಂತಾ ಜಾಸ್ತಿ ಕುಡಸ್ತಿದ್ನಿ."